ಅವ್ವನ ಖಾರಪುಡಿಗೆ ಒಂದು ಆನ್‌ಲೈನ್ ಅಂಗಡಿ

‘ಎಲ್ಲಿಗೆ ಬಂತವಾ ನೌಕರಿ?’

ಪದವಿ ಮುಗಿಸಿ ಮನೆಯಲ್ಲಿ ಕೂತವರಿಗೆ ಈ ಪ್ರಶ್ನೆ ಎಷ್ಟು ಭಾರ ಎಂಬುದು ಗೊತ್ತೇ ಇರುತ್ತದೆ. 2023ರಲ್ಲಿ ಹಾವೇರಿಯಲ್ಲಿ ಬಿ.ಕಾಂ ಮುಗಿಸಿ ಕರ್ಜಗಿಗೆ ಮರಳಿದ ಮೇಲೆ, ಬಸ್ ನಿಲ್ದಾಣದಿಂದ ನಮ್ಮ ಓಣಿಗೆ ಬರುವಷ್ಟರಲ್ಲಿ ಮೂರು ಜನರಾದರೂ ಹೀಗೆ ಕೇಳುತ್ತಿದ್ದರು. ‘ಬ್ಯಾಂಕ್ ಪರೀಕ್ಷೆಗೆ ಓದಾಕತ್ತೀನ್ರಿ’ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಪರೀಕ್ಷೆಗೆ ಅರ್ಜಿ ಹಾಕಲು ಅಪ್ಪನ ಮುಂದೆ ಕೈ ಒಡ್ಡುವಾಗಲೆಲ್ಲ ಒಳಗೊಳಗೇ ಕುಗ್ಗುತ್ತಿದ್ದೆ.

2024ರ ಮಾರ್ಚ್ ತಿಂಗಳು ನೆನಪಿರಬಹುದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು, ಮಾರ್ಚ್ 11ರ ಸೋಮವಾರ ರೈತರ ಆಕ್ರೋಶ ಸ್ಫೋಟಗೊಂಡು, ವಾಹನಗಳು ಹೊತ್ತಿ ಉರಿದ ಸುದ್ದಿ ದೇಶದಾದ್ಯಂತ ಹರಡಿತು. ಅಂದು ಅಪ್ಪ ಬ್ಯಾಡಗಿಗೆ ಹೋಗಿರಲಿಲ್ಲ. ನಮ್ಮ ಚೀಲಗಳು ಪಡಸಾಲೆಯಲ್ಲೇ ಇದ್ದವು. ಎಲ್ಲರೂ ಟಿ.ವಿ ಮುಂದೆ ಸುಮ್ಮನೆ ಕೂತಿದ್ದೆವು. ಆಗ ಅವ್ವ ಹೇಳಿದ್ದು ಒಂದೇ ಮಾತು: ‘ಕಾಯಿಗೆ ರೇಟ್ ಇಲ್ಲಂದ್ರ ಪುಡಿ ಮಾಡಿ ಮಾರಿದ್ರ ಹೆಂಗ? ನೀ ಹೆಂಗೂ ಮೊಬೈಲ್‌ನಾಗ ಇರ್ತಿ.’

ಬ್ಯಾಡಗಿ ಮೆಣಸಿನಕಾಯಿಗೆ ಹೆಸರಿಗೇನೂ ಕೊರತೆಯಿಲ್ಲ. ಸುಕ್ಕುಸುಕ್ಕಾದ ಸಿಪ್ಪೆ, ಕಡುಗೆಂಪು ಬಣ್ಣ, ಕಡಿಮೆ ಖಾರ. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಆಹಾರ ಪದಾರ್ಥಗಳಿಗಷ್ಟೇ ಅಲ್ಲ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಇಷ್ಟು ಹೆಸರಿರುವ ಸರಕನ್ನು ಆನ್‌ಲೈನ್‌ನಲ್ಲಿ ಇಟ್ಟರೆ ಸಾಕು, ಮುಗಿಬಿದ್ದು ಕೊಳ್ಳುತ್ತಾರೆ ಎಂದುಕೊಂಡೆ. ಅವ್ವ ತನ್ನ ಸ್ವಸಹಾಯ ಸಂಘದಿಂದ 20 ಸಾವಿರ ರೂಪಾಯಿ ಸಾಲ ತಂದು ನನ್ನ ಕೈಗಿಟ್ಟಳು. ‘ವಾರಾವಾರಾ ಕಂತು ಕಟ್ಟಬೇಕವಾ, ನೋಡಿಕೊಂಡು ಖರ್ಚು ಮಾಡು’ ಎಂದಳು.

ಯಾವ ವೇದಿಕೆಯಲ್ಲಿ ಅಂಗಡಿ ತೆರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದೂವರೆ ವರ್ಷ ಹಿಡಿಯಿತು. ಎರಡು ಸಲ ಎಡವಿದೆ. ನನ್ನಂತೆ ಹಳ್ಳಿಯಲ್ಲಿ ಕೂತು ಏನಾದರೂ ಮಾರಬೇಕೆಂದಿರುವ ಗೆಳೆಯ ಗೆಳತಿಯರಿಗೆ ಒಂದಾದರೂ ಎಡವು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಎಡವು: ಚೆಂದದ ವೆಬ್‌ಸೈಟ್

ಪರಿಚಿತರೊಬ್ಬರ ಮೂಲಕ ವೆಬ್‌ಸೈಟ್ ಮಾಡಿಕೊಡುವವರು ಸಿಕ್ಕರು. 14 ಸಾವಿರಕ್ಕೆ ಮಾತಾಯಿತು. ಉಳಿದ 6 ಸಾವಿರದಲ್ಲಿ ಪೌಚು, ಲೇಬಲ್ಲು, ಪೆಟ್ಟಿಗೆ, ತೂಕದ ಯಂತ್ರ. ಏಪ್ರಿಲ್‌ನಲ್ಲಿ ಸೈಟ್ ಶುರುವಾಯಿತು. ಕೆಂಪು ಮೆಣಸಿನಕಾಯಿ ರಾಶಿಯ ಚಿತ್ರ, ಅದರ ಮೇಲೆ ನಮ್ಮೂರ ಹೆಸರು. ಓಣಿಯವರಿಗೆಲ್ಲ ತೋರಿಸಿ ಬಂದೆ.

ಮೊದಲ ತಿಂಗಳು ಎರಡು ಆರ್ಡರ್ ಬಂದವು. ಎರಡೂ ಹುಬ್ಬಳ್ಳಿಯ ನಮ್ಮ ಚಿಗವ್ವನದೇ. ಎರಡನೇ ತಿಂಗಳು ಅದೂ ಇಲ್ಲ. ತಪ್ಪು ಸೈಟ್‌ನಲ್ಲಿ ಇರಲಿಲ್ಲ, ನನ್ನ ತಿಳಿವಳಿಕೆಯಲ್ಲಿತ್ತು. ಊರಾಚೆ ಹೊಲದ ನಡುವೆ ಚೆಂದದ ಅಂಗಡಿ ಕಟ್ಟಿ, ದಾರಿಯನ್ನೇ ಮಾಡದೆ ಗಿರಾಕಿಗೆ ಕಾದು ಕೂತ ಹಾಗಿತ್ತು ನನ್ನ ಸ್ಥಿತಿ. ಸ್ವಂತ ಸೈಟ್ ಇದ್ದಮಾತ್ರಕ್ಕೆ ಗ್ರಾಹಕರು ಬರುವುದಿಲ್ಲ, ಅವರನ್ನು ಕರೆತರುವ ಕೆಲಸ ಮತ್ತು ಖರ್ಚು ಎರಡೂ ನಮ್ಮದೇ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ವರ್ಷ ತುಂಬಿದಾಗ. ನವೀಕರಣಕ್ಕೆ ಮೊದಲಿನಷ್ಟೇ ಹಣ ಕೇಳಿದರು. ಕೊಡಲಾಗದು ಎಂದಾಗ ಸೈಟ್ ನಿಂತಿತು. ಹೋಗಲಿ, ಆ ಹೆಸರಿನಲ್ಲೇ ಬೇರೆ ಕಡೆ ಮಾಡಿಸೋಣ ಎಂದು ನೋಡಿದರೆ ಡೊಮೈನ್ ಹೆಸರು ನೋಂದಣಿಯಾಗಿದ್ದದ್ದು ಅವರ ಇಮೇಲ್‌ನಲ್ಲಿ! ಅಂದರೆ ನನ್ನ ಅಂಗಡಿಯ ಹೆಸರಿನ ಹಲಗೆಯೇ ನನ್ನದಾಗಿರಲಿಲ್ಲ. ಪೌಚುಗಳ ಮೇಲೆಲ್ಲ ಅದೇ ವಿಳಾಸ ಅಚ್ಚಾಗಿತ್ತು. ಅವ್ವ ಮತ್ತು ನಾನು ಒಂದು ಇಡೀ ಮಧ್ಯಾಹ್ನ ಕೂತು ಅದರ ಮೇಲೆ ಬಿಳಿ ಚೀಟಿ ಅಂಟಿಸಿದೆವು. ಅವ್ವ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಯಾರಿಂದಲಾದರೂ ಸೈಟ್ ಮಾಡಿಸಿಕೊಳ್ಳಿ, ಡೊಮೈನ್ ಮಾತ್ರ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ಸಂಖ್ಯೆಯಲ್ಲೇ ಇರಲಿ. ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ಇಷ್ಟು ಕೇಳಲು ಸಂಕೋಚ ಬೇಡ.

ಎರಡನೇ ಎಡವು: ಲೆಕ್ಕ ಹಾಕದೆ ಸಂತೆಗೆ

ಸೈಟ್ ಇನ್ನೂ ಇದ್ದಾಗಲೇ, 2024ರ ದೀಪಾವಳಿಗೆ ಮುಂಚೆ, ಎಲ್ಲರಿಗೂ ಗೊತ್ತಿರುವ ದೊಡ್ಡ ಮಾರಾಟ ತಾಣವೊಂದರಲ್ಲಿ ನಮ್ಮ ಪುಡಿ ಇಟ್ಟಿದ್ದೆ. ಇಲ್ಲಿ ಜನಕ್ಕೆ ಬರವಿಲ್ಲ. ಮೊದಲ ವಾರದಲ್ಲೇ ಹನ್ನೊಂದು ಆರ್ಡರ್ ಬಂದವು. ಮೈಸೂರು, ಪುಣೆ, ಹೈದರಾಬಾದ್ ಎಂದು ವಿಳಾಸ ಓದುವಾಗ ಅವ್ವನ ಮುಖ ನೋಡಬೇಕಿತ್ತು. ರಾತ್ರಿ ಹನ್ನೊಂದರವರೆಗೆ ಪ್ಯಾಕ್ ಮಾಡುತ್ತಿದ್ದೆವು.

ಮೂರು ತಿಂಗಳಾದರೂ ಸಾಲದ ಕಂತಿಗೆ ಅಪ್ಪನೇ ಹಣ ಕೊಡುತ್ತಿದ್ದ. ಒಂದು ದಿನ ಕೇಳಿಯೇ ಬಿಟ್ಟ. ‘ಇಷ್ಟು ಪೆಟಗಿ ಹೊಕ್ಕಾವು, ರೊಕ್ಕ ಎಲ್ಲಿ ಹೊಕ್ಕೈತಿ?’ ಬಿ.ಕಾಂ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅಂದು ರಾತ್ರಿ ನೋಟ್‌ಬುಕ್ ತೆಗೆದು ಅರ್ಧ ಕೆ.ಜಿ. ಪೊಟ್ಟಣದ ಲೆಕ್ಕ ಬರೆದೆ.

‘ಕಾಯಿ ನಮ್ಮದೇ, ಅದಕ್ಕೆ ಸೊನ್ನೆ ಹಾಕ್ತೀನಿ’ ಎಂದೆ. ಅಪ್ಪ ತಡೆದ. ‘ಹಂಗ ಬರೀಬ್ಯಾಡ. ಬ್ಯಾಡಗ್ಯಾಗ ಮಾರಿದ್ರ ಎಷ್ಟು ಬರತಿತ್ತೋ ಅಷ್ಟು ಹಾಕು. ನಮ್ಮ ಹೊಲದ್ದಂದ್ರ ಪುಕ್ಕಟೆ ಏನು?’

ಹಾಗೆಯೇ ಬರೆದೆ. ತೊಟ್ಟು, ತೇವ ಕಳೆದು ಅರ್ಧ ಕೆ.ಜಿ. ಪುಡಿಗೆ ಸುಮಾರು 600 ಗ್ರಾಂ ಕಾಯಿ ಬೇಕು. ಆಗ ನಮ್ಮ ಕಾಯಿಗೆ ಸಿಗುತ್ತಿದ್ದ ಕೆ.ಜಿ.ಗೆ 250ರ ದರದಲ್ಲಿ 150 ರೂಪಾಯಿ. ತೊಟ್ಟು ಬಿಡಿಸುವ ಕೂಲಿ ಮತ್ತು ಗಿರಣಿ 20. ಪೌಚು, ಲೇಬಲ್, ಪೆಟ್ಟಿಗೆ 15. ಒಟ್ಟು 185. ಮಾರಾಟ ಬೆಲೆ 300. ಅದರೊಳಗೆ ಶೇ 5ರ ಜಿಎಸ್‌ಟಿ ಸುಮಾರು 14 ರೂಪಾಯಿ. ತಾಣದ ಕಮಿಷನ್, ಪ್ರತಿ ಆರ್ಡರ್‌ನ ಶುಲ್ಕ, ಸಾಗಣೆ, ಆ ಶುಲ್ಕಗಳ ಮೇಲಿನ ಜಿಎಸ್‌ಟಿ ಎಲ್ಲ ಸೇರಿ 95. ಕೈಯಲ್ಲಿ ಉಳಿದದ್ದು 6 ರೂಪಾಯಿ.

ಇನ್ನು ವಾಪಸು ಬರುವ ಪಾರ್ಸೆಲ್‌ಗಳ ಕಥೆ ಬೇರೆ. ‘ಕ್ಯಾಶ್ ಆನ್ ಡೆಲಿವರಿ’ ಎಂದು ಆರ್ಡರ್ ಮಾಡಿದವರು ಬಾಗಿಲು ತೆಗೆಯದಿದ್ದರೆ, ಬೇಡ ಎಂದರೆ, ಪಾರ್ಸೆಲ್ ಮತ್ತೆ ಕರ್ಜಗಿಗೆ ಬರುತ್ತದೆ. ಒಂದು ವಾಪಸಾತಿಗೆ ನನಗೆ ಬೀಳುತ್ತಿದ್ದ ಖರ್ಚು 72 ರೂಪಾಯಿ. ಅಂದರೆ ಹನ್ನೆರಡು ಪೊಟ್ಟಣ ಮಾರಿದ ಲಾಭ ಒಂದು ವಾಪಸಾತಿಗೆ ಸಮ! ಪೌಚು ಒಡೆದಿದ್ದರೆ ಪುಡಿಯೂ ಹೋಯಿತು. ತಿನ್ನುವ ಪದಾರ್ಥ, ಮತ್ತೆ ಮಾರುವಂತಿಲ್ಲ. ಬೆಳಕು, ತೇವ ತಾಗಿದರೆ ಬಣ್ಣವೂ ಮಾಸುತ್ತದೆ.

ಹಾಗೆಂದು ಅಂಥ ತಾಣಗಳು ಮೋಸ ಎಂದು ನಾನು ಹೇಳುತ್ತಿಲ್ಲ. ಶುಲ್ಕದ ಪಟ್ಟಿಯನ್ನು ಅವರು ಮೊದಲೇ ಕೊಟ್ಟಿದ್ದರು. ಓದದೆ ‘ಒಪ್ಪಿಗೆ’ ಒತ್ತಿದವಳು ನಾನು. ಇಯರ್‌ಫೋನ್, ಆಭರಣದಂಥ ಹಗುರವಾದ, ಲಾಭಾಂಶ ಹೆಚ್ಚಿರುವ ಸರಕಿಗೆ ಅದೇ ಲೆಕ್ಕ ಬೇರೆಯೇ ಬರುತ್ತದೆ. ಭಾರ ಹೆಚ್ಚು, ಬೆಲೆ ಕಡಿಮೆ ಇರುವ ನಮ್ಮ ಪುಡಿಗೆ ಅದು ಹೊಂದಲಿಲ್ಲ, ಅಷ್ಟೆ.

ಇನ್ನೊಂದು ಕೊರತೆಯೂ ಇತ್ತು. ಮೈಸೂರಿನ ಒಬ್ಬರು ಮೂರು ಸಲ ಕೊಂಡು, ‘ನಮ್ಮಜ್ಜಿ ಮಾಡುತ್ತಿದ್ದ ಪುಡಿಯ ಬಣ್ಣ’ ಎಂದು ಬರೆದಿದ್ದರು. ಅವರಿಗೆ ಸಂಕ್ರಾಂತಿಗೆ ಹೊಸ ಕಾಯಿಯ ಪುಡಿ ಬಂದಿದೆ ಎಂದು ತಿಳಿಸಬೇಕು ಅನಿಸಿತು. ತಿಳಿಸುವುದು ಹೇಗೆ? ಅವರ ಫೋನ್ ಸಂಖ್ಯೆ ನನಗೆ ಸಿಗುವುದಿಲ್ಲ. ಅವರು ತಾಣದ ಗ್ರಾಹಕರು, ನನ್ನವರಲ್ಲ.

ಕಾರಹುಣ್ಣಿಮೆ ಕಲಿಸಿದ ಪಾಠ

ಕರ್ಜಗಿಯ ಕಾರಹುಣ್ಣಿಮೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಎಲ್ಲಿದ್ದರೂ ಊರಿನವರು ಆ ಹೊತ್ತಿಗೆ ಬರುತ್ತಾರೆ. 2025ರ ಜೂನ್‌ನಲ್ಲಿ ಹಬ್ಬಕ್ಕೆ ಬಂದವರಿಗೆಲ್ಲ ಅವ್ವ ಒಂದೊಂದು ಪೊಟ್ಟಣ ಕೊಟ್ಟಳು. ಸಂಬಂಧಿಕರು ಪುಕ್ಕಟೆ ಒಯ್ದರೆ ಸಾಲ ತೀರಿದಂತೆಯೇ ಎಂದು ನಾನು ಗೊಣಗಿದೆ. ಹದಿನೈದು ದಿನಕ್ಕೆ ಬೆಂಗಳೂರಿನಿಂದ ಕಾಕಾನ ಫೋನು. ‘ನಮ್ಮ ಅಪಾರ್ಟ್‌ಮೆಂಟ್‌ನಾಗ ಆರು ಮನಿಯವರು ಕೇಳಾಕತ್ತಾರ. ಒಂದೊಂದು ಕೆ.ಜಿ. ಕಳಸ್ತೀ ಏನು?’

ನಮ್ಮ ಗಿರಾಕಿ ಯಾರು ಎಂದು ನನಗೆ ಅಂದು ತಿಳಿಯಿತು. ಹುಬ್ಬಳ್ಳಿ, ಬೆಂಗಳೂರು, ಪುಣೆಯಲ್ಲಿ ಇರುವ, ಈ ಪುಡಿಯ ರುಚಿ ಬಲ್ಲ ನಮ್ಮ ಕಡೆಯ ಜನ ಮತ್ತು ಅವರ ನೆರೆಮನೆಯವರು. ಅವರಿಗೆ ಅಗ್ಗದ ಪುಡಿ ಬೇಕಿಲ್ಲ, ನಂಬುವ ಪುಡಿ ಬೇಕು. ಬೇರೆ ಕಡೆಯ ಕಾಯಿಗೂ ಬ್ಯಾಡಗಿ ಹೆಸರು ಹಚ್ಚಿ ಮಾರುವುದನ್ನು ಅವರು ಕಂಡಿದ್ದಾರೆ. ಒಮ್ಮೆ ಕೊಂಡರೆ ಎರಡು ಮೂರು ತಿಂಗಳಿಗೆ ಮತ್ತೆ ಕೊಳ್ಳುತ್ತಾರೆ.

ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಂಡೆ. ಅದರಲ್ಲಿ ಸರಕಿನ ಪಟ್ಟಿ ಇಡಲು ಹಣ ಬೇಕಿಲ್ಲ. ಯುಪಿಐ ಮೂಲಕ ಮೊದಲೇ ಹಣ, ನಂತರ ಸ್ಪೀಡ್ ಪೋಸ್ಟ್. ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿದೆ. ಅರ್ಧ ಕೆ.ಜಿ. ಬಿಟ್ಟು ಕೆ.ಜಿ. ಲೆಕ್ಕದಲ್ಲಿ ಕಳಿಸಲು ಶುರುಮಾಡಿದೆ. ಏಕೆಂದರೆ ಅರ್ಧ ಕೆ.ಜಿ.ಗಿಂತ ಒಂದು ಕೆ.ಜಿ.ಗೆ ಸಾಗಣೆ ಖರ್ಚು ದುಪ್ಪಟ್ಟಾಗುವುದಿಲ್ಲ.

ನಲವತ್ತು ಗಿರಾಕಿಗಳಾಗುವವರೆಗೆ ಅದೇ ಸಾಕಾಯಿತು. ದಸರೆ ಹೊತ್ತಿಗೆ ಗೊಂದಲ ಶುರುವಾಯಿತು. ಯಾರ ಹಣ ಬಂತು, ಯಾರಿಗೆ ಕಳಿಸಿದೆ ಎಂಬುದು ನೂರಾರು ಮೆಸೇಜುಗಳ ನಡುವೆ ಸಿಕ್ಕಿಕೊಂಡಿತು. ಧಾರವಾಡದವರ ಪಾರ್ಸೆಲ್ ದಾವಣಗೆರೆಗೆ ಹೋಯಿತು. ಒಂದು ಸರಿಯಾದ ಅಂಗಡಿ ಬೇಕು ಎಂದು ಆಗ ಗೊತ್ತಾಯಿತು. ಈ ಸಲ ಸಾಲ ಮಾಡುವ ಮೊದಲು ವಿಚಾರಿಸಿದೆ.

ಸಂತೆ, ಬಾಡಿಗೆ ಮಳಿಗೆ, ಸ್ವಂತ ಮನೆ

ಅಪ್ಪನಿಗೆ ವಿವರಿಸಲು ಹೋಗಿ ನನಗೇ ವಿಷಯ ಸ್ಪಷ್ಟವಾಯಿತು. ವೇದಿಕೆಗಳು ನೂರಾರು ಇದ್ದರೂ ಬಗೆ ಮೂರೇ.

ಮೊದಲನೆಯದು ಸಂತೆ. ಫ್ಲಿಪ್‌ಕಾರ್ಟ್, ಅಮೆಜಾನ್, ಮೀಶೊ ಈ ಬಗೆಯವು. ಫ್ಲಿಪ್‌ಕಾರ್ಟ್ 2007ರಲ್ಲಿ, ಮೀಶೊ 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವು. ಇಲ್ಲಿ ಜನ ಮೊದಲೇ ಸೇರಿರುತ್ತಾರೆ, ನಾವು ಜಾಗಕ್ಕೆ ಸುಂಕ ಕೊಟ್ಟು ಕೂರಬೇಕು. ಪಕ್ಕದಲ್ಲೇ ಅದೇ ಸರಕನ್ನು ಎರಡು ರೂಪಾಯಿ ಕಡಿಮೆಗೆ ಮಾರುವವರೂ ಇರುತ್ತಾರೆ. ನಿಮ್ಮನ್ನು ಯಾರೂ ಅರಿಯದಿದ್ದಾಗ, ಸರಕಿನಲ್ಲಿ ಸುಂಕ ತಾಳುವಷ್ಟು ಲಾಭಾಂಶ ಇದ್ದಾಗ ಇದು ಸರಿ.

ಎರಡನೆಯದು ಬಾಡಿಗೆ ಮಳಿಗೆ. ಶಾಪಿಫೈ ಮತ್ತು ಅಂಥ ದೇಶಿ ಸೇವೆಗಳು ತಿಂಗಳ ಬಾಡಿಗೆಗೆ ಸಿದ್ಧ ಅಂಗಡಿ ಕೊಡುತ್ತವೆ. ಕೆನಡಾದಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರು, ಸರಿಯಾದ ಸಾಫ್ಟ್‌ವೇರ್ ಸಿಗದೆ ತಾವೇ ಬರೆದುಕೊಂಡದ್ದು ಮುಂದೆ 2006ರಲ್ಲಿ ಶಾಪಿಫೈ ಆಯಿತು. ಇಲ್ಲಿ ಬಿಲ್ಲು, ದಾಸ್ತಾನು, ಹಣ ಪಾವತಿ, ವಿಳಾಸ ಎಲ್ಲ ಒಂದೇ ಕಡೆ ಸಿಗುತ್ತದೆ. ಸರ್ವರ್ ಕೆಟ್ಟರೆ ನೋಡಿಕೊಳ್ಳುವುದು ಅವರ ಹೊಣೆ. ಆದರೆ ವ್ಯಾಪಾರ ಆಗಲಿ ಬಿಡಲಿ ಬಾಡಿಗೆ ಕಟ್ಟಲೇಬೇಕು. ಗಿರಾಕಿಯನ್ನು ನಾವೇ ಕರೆತರಬೇಕು.

ಮೂರನೆಯದು ಸ್ವಂತ ಮನೆ. ವರ್ಡ್‌ಪ್ರೆಸ್ ಮೇಲೆ ಕೂರಿಸುವ ವೂಕಾಮರ್ಸ್ ಈ ಬಗೆಯದು. ಸಾಫ್ಟ್‌ವೇರ್ ಉಚಿತ. ಉಚಿತ ಎಂಬ ಮಾತು ಕೇಳಿ ನಾನೂ ಮರುಳಾಗಿದ್ದೆ. ಇಟ್ಟಿಗೆ ಪುಕ್ಕಟೆ ಸಿಕ್ಕರೂ ಗೌಂಡಿಗೆ ಕೂಲಿ ಕೊಡಲೇಬೇಕಲ್ಲ? ಹೋಸ್ಟಿಂಗ್, ಡೊಮೈನ್, ಅಪ್‌ಡೇಟ್, ಭದ್ರತೆ, ಬ್ಯಾಕಪ್ ಎಲ್ಲ ನಮ್ಮ ತಲೆಮೇಲೆ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ, ಕಲಿಯುವ ಹುಮ್ಮಸ್ಸು ಇದ್ದವರಿಗೆ ಇದರಷ್ಟು ಅಗ್ಗ ಮತ್ತು ಸ್ವತಂತ್ರ ವ್ಯವಸ್ಥೆ ಬೇರೆ ಇಲ್ಲ. ನನಗೆ ಆ ವಿದ್ಯೆ ಇರಲಿಲ್ಲ.

ನಾನು ಬಾಡಿಗೆ ಮಳಿಗೆ ಹಿಡಿದೆ. ಕಾರಣ, ಈ ಸಲ ನೋಟ್‌ಬುಕ್ ಲೆಕ್ಕ ಮೊದಲೇ ಮುಗಿದಿತ್ತು. ಒಂದು ಕೆ.ಜಿ. ಆರ್ಡರ್‌ಗೆ 600 ರೂಪಾಯಿ, ಅಂಚೆಗೆ 100, ಗಿರಾಕಿ ಕೊಡುವುದು ಒಟ್ಟು 700. ಅದರಲ್ಲಿ ಜಿಎಸ್‌ಟಿ ಸುಮಾರು 33, ಪಾವತಿ ಸೇವೆಯ ಶುಲ್ಕ 17, ಅಂಚೆ 100, ಸರಕಿನ ಖರ್ಚು 370. ಉಳಿಯುವುದು 180. ಮಳಿಗೆ ಬಾಡಿಗೆ ತಿಂಗಳಿಗೆ ಸುಮಾರು ಸಾವಿರ. ಅಂದರೆ ಆರು ಆರ್ಡರ್‌ಗೆ ಬಾಡಿಗೆ ಹುಟ್ಟುತ್ತದೆ. ನನ್ನ ಬಳಿ ಆಗಲೇ ನಲವತ್ತು ಗಿರಾಕಿಗಳಿದ್ದರು. ಇದೇ ಮಳಿಗೆಯನ್ನು ಒಬ್ಬ ಗಿರಾಕಿಯೂ ಇಲ್ಲದ 2024ರಲ್ಲಿ ಹಿಡಿದಿದ್ದರೆ ಮತ್ತೊಮ್ಮೆ ಎಡವುತ್ತಿದ್ದೆ.

ಕಾಗದಪತ್ರ ಮರೆಯಬೇಡಿ

ವೇದಿಕೆ ಆರಿಸುವಾಗ ತೆರಿಗೆಯ ನಿಯಮವೂ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂಬುದನ್ನು ನಾವು ತರಗತಿಯಲ್ಲಿ ಓದಿದ್ದೇವೆ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ ಈ ವಿನಾಯಿತಿ ಸಿಗುವುದಿಲ್ಲ. ಪುಣೆಗೆ ಒಂದು ಕೆ.ಜಿ. ಖಾರಪುಡಿ ಮಾರಿದರೂ ನೋಂದಣಿ ಬೇಕು. ದೊಡ್ಡ ತಾಣಗಳ ಮೂಲಕ ಮಾರುವ ಸಣ್ಣವರಿಗೆ, ರಾಜ್ಯದೊಳಗೆ ಮಾತ್ರ ಮಾರುವುದಾದರೆ, 2023ರ ಅಕ್ಟೋಬರ್ 1ರಿಂದ ಷರತ್ತುಗಳೊಂದಿಗೆ ಸಡಿಲಿಕೆ ಇದೆ. ಅದಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು. ನೋಂದಾಯಿತರು ಮಾರಿದಾಗ ತಾಣಗಳು ಹಿಡಿದುಕೊಳ್ಳುವ ಟಿಸಿಎಸ್ 2024ರ ಜುಲೈನಿಂದ ಶೇ 1ರ ಬದಲು ಶೇ 0.5. ಅದು ಖರ್ಚಲ್ಲ, ನಮ್ಮ ಜಿಎಸ್‌ಟಿ ಖಾತೆಗೆ ಜಮೆಯಾಗುತ್ತದೆ. ನಾನು ಮೊದಲು ಅದನ್ನೂ ನಷ್ಟ ಎಂದೇ ಬರೆದಿದ್ದೆ!

ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ತಯಾರಕರ ನೋಂದಣಿಗೆ ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ಸಂಖ್ಯೆ, ತಯಾರಕರ ವಿಳಾಸ, ತೂಕ, ಗರಿಷ್ಠ ಬೆಲೆ, ತಯಾರಿಸಿದ ತಿಂಗಳು, ದೂರಿಗೆ ಫೋನ್ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಸ್ವಂತ ಅಂಗಡಿಯಾದರೆ 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ಆಲಿಸುವವರ ಹೆಸರು, ಸರಕು ವಾಪಸಾತಿಯ ನಿಯಮ ಕೂಡ ಅಲ್ಲಿ ಕಾಣುವಂತೆ ಹಾಕಬೇಕು. ನಮ್ಮ ಅಂಗಡಿಯಲ್ಲಿ ದೂರು ಆಲಿಸುವ ಅಧಿಕಾರಿ ನಾನೇ.

ಈಗ ಎಲ್ಲಿದ್ದೇನೆ?

ತಿಂಗಳಿಗೆ ಮೂವತ್ತರ ಆಸುಪಾಸು ಆರ್ಡರ್ ಬರುತ್ತವೆ. ಬಾಡಿಗೆ ಕಳೆದು ನಾಲ್ಕೈದು ಸಾವಿರ ಉಳಿಯುತ್ತದೆ. ಇದು ಸಂಬಳವಲ್ಲ, ಲಕ್ಷಾಧೀಶ್ವರಳಾದ ಕಥೆಯೂ ಅಲ್ಲ. ಅವ್ವನ ಸಂಘದ ಸಾಲದ ಕೊನೆಯ ಕಂತು ಇದೇ ಹಣದಲ್ಲಿ ಕಟ್ಟಿದೆ. ಪರೀಕ್ಷೆಯ ಅರ್ಜಿ ಶುಲ್ಕಕ್ಕೆ ಈಗ ಅಪ್ಪನನ್ನು ಕೇಳುವುದಿಲ್ಲ. ಬೆಳಿಗ್ಗೆ ಓದು, ಮಧ್ಯಾಹ್ನ ಪ್ಯಾಕಿಂಗ್, ಸಂಜೆ ಅಂಚೆ ಕಚೇರಿ. ಪರೀಕ್ಷೆ ಪಾಸಾದರೆ ನೌಕರಿಗೆ ಹೋಗುತ್ತೇನೆ. ಅಂಗಡಿಯನ್ನು ಅವ್ವ ನಡೆಸಬಲ್ಲಳು. ಆರ್ಡರ್ ನೋಡುವುದು, ವಿಳಾಸದ ಚೀಟಿ ತೆಗೆಯುವುದು ಅವಳಿಗೆ ಈಗ ಬರುತ್ತದೆ.

‘ಯಾವ ಪ್ಲಾಟ್‌ಫಾರ್ಮ್ ಒಳ್ಳೆಯದು?’ ಎಂದು ಗೆಳತಿಯರು ಕೇಳುತ್ತಾರೆ. ನಾನು ಅವರಿಗೆ ಮೂರು ಪ್ರಶ್ನೆ ತಿರುಗಿ ಕೇಳುತ್ತೇನೆ. ಒಂದು ಪೊಟ್ಟಣ ಮಾರಿದರೆ ಎಲ್ಲ ಖರ್ಚು ಕಳೆದು ನಿನ್ನ ಕೈಯಲ್ಲಿ ಎಷ್ಟು ಉಳಿಯುತ್ತದೆ? ಗಿರಾಕಿಯನ್ನು ಯಾರು ಕರೆತರುತ್ತಾರೆ, ನೀನೋ ತಾಣವೋ? ನಾಳೆ ಆ ತಾಣ ಬಿಟ್ಟರೆ ಗಿರಾಕಿಗಳ ಪಟ್ಟಿ, ಅಂಗಡಿಯ ಹೆಸರು ನಿನ್ನ ಜೊತೆ ಬರುತ್ತವೆಯೇ? ಈ ಮೂರಕ್ಕೆ ಕಾಗದದ ಮೇಲೆ ಉತ್ತರ ಬರೆದ ಮೇಲೆ ವೇದಿಕೆ ಆರಿಸುವುದು ಕಷ್ಟವಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ಮತ್ತೆ ಅದೇ ಪ್ರಶ್ನೆ. ‘ಎಲ್ಲಿಗೆ ಬಂತವಾ ನೌಕರಿ?’ ನನ್ನ ಕೈಯಲ್ಲಿ ಅಂಚೆ ಕಚೇರಿಗೆ ಒಯ್ಯುತ್ತಿದ್ದ ನಾಲ್ಕು ಪೆಟ್ಟಿಗೆಗಳಿದ್ದವು.

‘ಓದಾಕತ್ತೀನ್ರಿ ಅಕ್ಕಾರ. ಅಷ್ಟರಾಗ ಇದನ್ನ ಮಾಡಾಕತ್ತೀನಿ’ ಎಂದೆ.

ಅವರು ಪೆಟ್ಟಿಗೆಯ ವಾಸನೆ ನೋಡಿ, ‘ನಮ್ಮ ಮಗಳು ಬೆಳಗಾವ್ಯಾಗ ಅದಾಳ, ಆಕಿಗೂ ಒಂದು ಕೆ.ಜಿ. ಕಳಸು’ ಎಂದರು. ನಿಂತಲ್ಲೇ ಮೊಬೈಲ್ ತೆಗೆದು ವಿಳಾಸ ಬರೆದುಕೊಂಡೆ.